ಎಡವಿದ್ದೆಲ್ಲೋ, ಬಿದ್ದದ್ದೆಲ್ಲೋ: ಸಿ ಭಾಷೆಯ ಮೆಮೊರಿ ದೋಷಗಳ ಚರಿತ್ರೆ



ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವವರು ನಿಮ್ಮಲ್ಲಿ ಅನೇಕರಿರಬಹುದು. ಹಾಗಿದ್ದರೆ ಈ ಪ್ರಸಂಗ ನಿಮಗೆ ಹೊಸದಲ್ಲ. ತರಗತಿಯವರ ಹೆಸರುಗಳನ್ನು ಓದಿಕೊಂಡು, ಅಕಾರಾದಿಯಾಗಿ ಜೋಡಿಸಿ, ಮುದ್ರಿಸುವ ಪುಟ್ಟ ಪ್ರೋಗ್ರಾಮು. ಹತ್ತು ಹೆಸರು ಕೊಟ್ಟಾಗ ಸರಿಯಾಗಿ ನಡೆಯಿತು. ಮೂವತ್ತು ಕೊಟ್ಟಾಗಲೂ ನಡೆಯಿತು. ಯಾವುದೋ ಒಂದು ಉದ್ದನೆಯ ಹೆಸರು ಬಂದ ದಿನ ತೆರೆಯ ಮೇಲೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ಎರಡು ಪದಗಳು ಮೂಡಿ ಎಲ್ಲವೂ ನಿಂತುಹೋಯಿತು. ನಿಂತದ್ದು ಯಾವ ಸಾಲಿನಲ್ಲಿ ಎಂದು ನೋಡಿದರೆ, ಅದು ಪಟ್ಟಿಯನ್ನು ಮುದ್ರಿಸುವ ಸಾಲು. ಆ ಸಾಲನ್ನು ಎಷ್ಟು ಸಲ ಓದಿದರೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಕಾಣದಿರುವುದು ಸಹಜ. ತಪ್ಪು ಅಲ್ಲಿ ಇಲ್ಲವೇ ಇಲ್ಲ. ಅದು ನೂರು ಸಾಲುಗಳ ಹಿಂದೆ, ಹೆಸರಿಗೆಂದು ಜಾಗ ಕೇಳುವಾಗ ಒಂದು ಬೈಟ್ ಕಡಿಮೆ ಕೇಳಿದ ಕಡೆ ಆಗಿದೆ. ಬೇರೆ ಬಗೆಯ ತಪ್ಪುಗಳಲ್ಲಿ ಎಡವಿದ ಕಲ್ಲು ಕಾಲ ಬುಡದಲ್ಲೇ ಸಿಗುತ್ತದೆ. ಮೆಮೊರಿ ಹಂಚಿಕೆಯ ತಪ್ಪಿನಲ್ಲಿ ಎಡವಿದವನು ನಾಲ್ಕು ಬೀದಿ ದಾಟಿ ಹೋಗಿ, ಎಲ್ಲೋ ಸಮತಟ್ಟಾದ ನೆಲದಲ್ಲಿ ಬೀಳುತ್ತಾನೆ. ಎಡವಿದ ಜಾಗಕ್ಕೂ ಬಿದ್ದ ಜಾಗಕ್ಕೂ ನಡುವಿನ ಈ ದೂರವನ್ನು ಕಡಿಮೆ ಮಾಡಲು ಐದು ದಶಕಗಳಲ್ಲಿ ಏನೇನು ನಡೆಯಿತು ಎಂಬುದೇ ಇಂದಿನ ನಮ್ಮ ಮಾತು.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮರ್ರೇ ಹಿಲ್ ಎಂಬಲ್ಲಿ ಬೆಲ್ ಪ್ರಯೋಗಾಲಯವಿತ್ತು. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಅವರು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಲು ತೊಡಗಿದಾಗ ಅವರ ಕೈಯಲ್ಲಿದ್ದ ಪಿಡಿಪಿ-7 ಗಣಕಯಂತ್ರದ ಮೆಮೊರಿ ಕೇವಲ 8 ಸಾವಿರದಷ್ಟು ಪದಗಳದ್ದು; ಒಂದೊಂದು ಪದಕ್ಕೆ 18 ಬಿಟ್. ಮುಂದೆ ಬಂದ ಪಿಡಿಪಿ-11ರಲ್ಲಿ ಮೊದಲಿಗೆ ಇದ್ದದ್ದು 24 ಕಿಲೋಬೈಟ್. ಇಂದು ನಿಮ್ಮ ಫೋನಿನಲ್ಲಿ ತೆಗೆದ ಒಂದು ಚಿತ್ರ ಸುಲಭವಾಗಿ ಅದರ ನೂರು ಪಟ್ಟು ಜಾಗ ಹಿಡಿಯುತ್ತದೆ. ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ರೂಪಿಸಿದ್ದ ಬಿಸಿಪಿಎಲ್ ಭಾಷೆಯನ್ನು ಥಾಂಪ್ಸನ್ ಹಿಂಡಿ ಹಿಪ್ಪೆ ಮಾಡಿ ‘ಬಿ’ ಎಂಬ ಭಾಷೆ ಮಾಡಿದರು. ಅದನ್ನು ಡೆನಿಸ್ ರಿಚಿ ಅವರು 1971ರಿಂದ 1973ರ ನಡುವೆ ಬೆಳೆಸಿದ್ದೇ ಸಿ. 1973ರಲ್ಲಿ ಯುನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು.

ಇಂಥ ಬಡತನದಲ್ಲಿ ಹುಟ್ಟಿದ ಭಾಷೆ ಒಂದು ನಿರ್ಧಾರ ಮಾಡಿತು. ಸಿ ಭಾಷೆಯಲ್ಲಿ ಒಂದು ಸಾಲು ಅಕ್ಷರಗಳನ್ನು ಇನ್ನೊಬ್ಬರಿಗೆ ಒಪ್ಪಿಸುವುದೆಂದರೆ ಅದರ ಮೊದಲ ಅಕ್ಷರ ಇರುವ ವಿಳಾಸವನ್ನು ಒಪ್ಪಿಸುವುದು, ಅಷ್ಟೆ. ಸಾಲು ಎಲ್ಲಿ ಮುಗಿಯುತ್ತದೆ ಎಂಬ ಮಾಹಿತಿ ಆ ವಿಳಾಸದ ಜೊತೆಗೆ ಹೋಗುವುದಿಲ್ಲ. ಹೋಗಬೇಕಾಗಿದ್ದರೆ ಪ್ರತಿ ವಿಳಾಸಕ್ಕೂ ಇನ್ನಷ್ಟು ಜಾಗ, ಪ್ರತಿ ಬಳಕೆಗೂ ಇನ್ನಷ್ಟು ಸಮಯ ಬೇಕಿತ್ತು. ಇದನ್ನು ಅಜಾಗರೂಕತೆ ಎಂದು ಹಳಿಯುವುದು ಅನ್ಯಾಯ. ಆದರೆ ಬೇರೆ ದಾರಿ ಆಗ ಯಾರಿಗೂ ತಿಳಿದಿರಲಿಲ್ಲ ಎನ್ನುವುದೂ ಸರಿಯಲ್ಲ. ಇಂಗ್ಲೆಂಡಿನ ಟೋನಿ ಹೋರ್ ಅವರು 1960ರ ದಶಕದ ಆರಂಭದಲ್ಲಿ ಎಲಿಯಟ್ ಗಣಕಕ್ಕಾಗಿ ಮಾಡಿದ ಆಲ್ಗಾಲ್ ಭಾಷೆಯ ಅನುವಾದಕದಲ್ಲಿ ಗಡಿ ದಾಟಿದ್ದನ್ನು ಪ್ರತಿ ಸಲವೂ ಪರೀಕ್ಷಿಸುವ ಏರ್ಪಾಡಿತ್ತು. ವೇಗ ಬೇಕಿದ್ದರೆ ಅದನ್ನು ತೆಗೆದುಹಾಕಲೇ ಎಂದು ಕೇಳಿದಾಗ ಗ್ರಾಹಕರು ಒಕ್ಕೊರಲಿನಿಂದ ಬೇಡವೆಂದರೆಂದು ಅವರು 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ನೆನಪಿಸಿಕೊಂಡಿದ್ದಾರೆ.

ಇನ್ನು ಮೆಮೊರಿ ಹಂಚಿಕೆಯ ವಿಷಯ. ಪ್ರೋಗ್ರಾಮು ನಡೆಯುತ್ತಿರುವಾಗ ಎಷ್ಟು ಹೆಸರು ಬರುತ್ತವೆ, ಯಾವುದು ಎಷ್ಟು ಉದ್ದ ಎಂಬುದು ಮೊದಲೇ ತಿಳಿಯದು. ಬೇಕಾದಾಗ ಕೇಳಿ ಪಡೆದು, ಕೆಲಸವಾದ ಮೇಲೆ ಹಿಂತಿರುಗಿಸುವ ಪದ್ಧತಿ ಬೇಕು. ಕೇಳುವ ಕ್ರಿಯೆಗೆ ಮ್ಯಾಲಾಕ್ ಎಂದೂ, ಹಿಂತಿರುಗಿಸುವುದಕ್ಕೆ ಫ್ರೀ ಎಂದೂ ಹೆಸರು. 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಇವೆರಡೂ ನಮಗೆ ಪರಿಚಿತವಾದ ರೂಪದಲ್ಲೇ ಇವೆ.

ಈ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಹಳ್ಳಿಯ ಹೊಲಗಳ ಮೂಲಕ ನೋಡೋಣ. ಒಂದು ದೊಡ್ಡ ಬಯಲಿದೆ ಎನ್ನಿ. ಅದನ್ನು ತುಂಡು ತುಂಡಾಗಿ ಹಂಚುವವರು ಒಬ್ಬ ಶಾನುಭೋಗರು. ಸಾಮಾನ್ಯವಾಗಿ ಶಾನುಭೋಗರ ಲೆಕ್ಕ ಕಡತದಲ್ಲಿ ಇರುತ್ತದೆ. ಕಡತ ಅವರ ಮನೆಯಲ್ಲಿ ಭದ್ರವಾಗಿರುತ್ತದೆ. ನಮ್ಮ ಈ ಶಾನುಭೋಗರು ಮಾತ್ರ ಕಡತಕ್ಕೆಂದು ಬೇರೆ ಜಾಗ ಖರ್ಚು ಮಾಡಲಾರರು. ಆದ್ದರಿಂದ ಪ್ರತಿ ಹೊಲದ ಅಂಚಿನಲ್ಲಿ ಒಂದು ಬಾಂದುಕಲ್ಲು ನೆಟ್ಟು, ಲೆಕ್ಕವನ್ನು ಆ ಕಲ್ಲಿನ ಮೇಲೆಯೇ ಕೆತ್ತಿಬಿಡುತ್ತಾರೆ: ಮುಂದಿನ ಕಲ್ಲು ಎಲ್ಲಿದೆ, ಈ ಹೊಲ ಉಳುಮೆಯಲ್ಲಿದೆಯೋ ಬೀಳು ಬಿದ್ದಿದೆಯೋ. ಏಳನೆಯ ಆವೃತ್ತಿಯ ಮ್ಯಾಲಾಕ್ ಮಾಡುತ್ತಿದ್ದದ್ದು ಅಕ್ಷರಶಃ ಇದನ್ನೇ. ಪ್ರತಿ ತುಂಡಿನ ಮುಂದೆ ಮುಂದಿನ ತುಂಡಿನ ವಿಳಾಸ. ಆ ವಿಳಾಸದ ಕೊನೆಯ ಒಂದು ಬಿಟ್‌ನಲ್ಲಿ ‘ಬಳಕೆಯಲ್ಲಿದೆ’ ಅಥವಾ ‘ಖಾಲಿ ಇದೆ’ ಎಂಬ ಗುರುತು.

ಈಗ ಒಬ್ಬ ರೈತ ತನ್ನ ಹೊಲವನ್ನು ಉಳುವಾಗ ಒಂದು ಗೇಣು ಮುಂದೆ ಹೋಗಿ ಪಕ್ಕದ ಬಾಂದುಕಲ್ಲನ್ನು ಕಿತ್ತುಬಿಟ್ಟ. ಏನಾಗುತ್ತದೆ? ಅಂದು ಏನೂ ಆಗುವುದಿಲ್ಲ. ಅವನ ಬೆಳೆ ಚೆನ್ನಾಗಿಯೇ ಬರುತ್ತದೆ. ತಿಂಗಳುಗಳು ಕಳೆದು, ಮತ್ತಾರಿಗೋ ಜಾಗ ಬೇಕಾಗಿ, ಶಾನುಭೋಗರು ಕಲ್ಲಿನಿಂದ ಕಲ್ಲಿಗೆ ನಡೆದು ಬರುತ್ತಾ ಈ ಕಲ್ಲಿನ ಬಳಿ ಬಂದಾಗ ದಾರಿ ತಪ್ಪುತ್ತದೆ. ಆಗ ಬೀಳುವವರು ಶಾನುಭೋಗರು, ಜಗಳ ಹೊಸದಾಗಿ ಜಾಗ ಕೇಳಿದವನ ಮೇಲೆ. ಕಲ್ಲು ಕಿತ್ತವನು ಮನೆಯಲ್ಲಿ ಊಟ ಮಾಡುತ್ತಿರುತ್ತಾನೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಂಚುವವರು ಕೇಳಿದಷ್ಟನ್ನೇ ಅಳೆದು ಕೊಡುವುದಿಲ್ಲ, ಒಂದು ಅಳತೆಗೆ ಸರಿದೂಗಿಸಿ ಕೊಡುತ್ತಾರೆ. ಇಂದಿನ 64-ಬಿಟ್ ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾಗಿರುವ ಜಿಲಿಬ್‌ಸಿ ಗ್ರಂಥಾಲಯದಲ್ಲಿ ನೀವು 6 ಬೈಟ್ ಕೇಳಿದರೂ ಬಳಸಲು ಸಿಗುವುದು 24. ‘ಮೈಸೂರು’ ಎಂಬುದನ್ನು ಇಂಗ್ಲಿಷ್ ಲಿಪಿಯ ಹಳೆಯ ಕಾಗುಣಿತದಲ್ಲಿ ಬರೆದರೆ 6 ಅಕ್ಷರ. ಸಿ ಭಾಷೆ ಕೊನೆಯಲ್ಲಿ ಇಡುವ ಸೊನ್ನೆಗೆ ಇನ್ನೊಂದು ಬೈಟ್ ಬೇಕು, ಒಟ್ಟು 7. ಆ ಒಂದನ್ನು ಮರೆತು 6 ಕೇಳಿದರೂ ಹೆಚ್ಚಿನ ಜಾಗ ಇರುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಸರಿಯಾಗಿ 24 ಅಕ್ಷರದ ಹೆಸರೊಂದು ಬಂದ ದಿನ ಮಾತ್ರ ಆ ಸೊನ್ನೆ ಹೋಗಿ ಪಕ್ಕದ ಕಲ್ಲಿನ ಮೇಲೆ ಕೂರುತ್ತದೆ. ನಿಮ್ಮ ಪ್ರೋಗ್ರಾಮು ವರ್ಷವಿಡೀ ಸರಿಯಾಗಿ ನಡೆದು ಪರೀಕ್ಷೆಯ ದಿನ ಕೈಕೊಡುವುದು ದುರದೃಷ್ಟದಿಂದಲ್ಲ, ಈ ಲೆಕ್ಕಾಚಾರದಿಂದ.

ಯುನಿಕ್ಸ್ ಬರೆದವರಿಗೆ ಇದೆಲ್ಲ ತಿಳಿದಿತ್ತು. ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ಮ್ಯಾಲಾಕ್‌ಗೆ ಮೀಸಲಾದ ಪುಟ, ಪಡೆದ ಜಾಗದ ಗಡಿ ದಾಟಿ ಬರೆದರೆ ಅಥವಾ ಸಿಕ್ಕಸಿಕ್ಕ ಸಂಖ್ಯೆಯನ್ನು ಫ್ರೀಗೆ ಒಪ್ಪಿಸಿದರೆ ಘೋರ ಅವ್ಯವಸ್ಥೆಯಾದೀತೆಂದು ತಣ್ಣಗೆ ಎಚ್ಚರಿಸುತ್ತದೆ. ಬೇಕಾದವರು ಮ್ಯಾಲಾಕ್ ಅನ್ನು ಮತ್ತೆ ಕಂಪೈಲ್ ಮಾಡಿ, ಪ್ರತಿ ಕರೆಯಲ್ಲೂ ಎಲ್ಲ ಕಲ್ಲುಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವಂತೆ ಮಾಡಿಕೊಳ್ಳಬಹುದು ಎಂದೂ ಹೇಳುತ್ತದೆ. ಎಡವಿದ ಜಾಗಕ್ಕೂ ಬಿದ್ದ ಜಾಗಕ್ಕೂ ನಡುವಿನ ದೂರವನ್ನು ಕುಗ್ಗಿಸುವ ಒಂದು ಮೊದಲ ಪ್ರಯತ್ನವನ್ನು ಇಲ್ಲಿ ಕಾಣಬಹುದು.

ಅದೇ ಪುಟದಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ ಮಾತು ಬೇರೊಂದಿದೆ. ಫ್ರೀ ಮಾಡಿದ ಜಾಗದ ಒಳಗಿನ ಮಾಹಿತಿ ಹಾಗೆಯೇ ಉಳಿದಿರುತ್ತದೆ ಎಂದು ಕೈಪಿಡಿ ಭರವಸೆ ಕೊಡುತ್ತದೆ. ಟೇಪುಗಳ ಕಾಲದಲ್ಲಿ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದದ್ದೂ ಹೀಗೆಯೇ: ‘ಮರುಬಳಕೆಗೆ’ ಎಂದು ಚೀಟಿ ಅಂಟಿಸಿದ ಟೇಪಿನಲ್ಲಿ ಹಳೆಯ ಕಾರ್ಯಕ್ರಮ ಇದ್ದೇ ಇರುತ್ತಿತ್ತು, ಯಾರಾದರೂ ಅದರ ಮೇಲೆ ಹೊಸದನ್ನು ಧ್ವನಿಮುದ್ರಿಸುವವರೆಗೆ. ಏಳನೆಯ ಆವೃತ್ತಿ ಇನ್ನೂ ಮುಂದೆ ಹೋಯಿತು. ಈಗಷ್ಟೇ ಫ್ರೀ ಮಾಡಿದ ತುಂಡನ್ನು, ನಡುವೆ ಬೇರೆ ಹಂಚಿಕೆ ನಡೆಯದಿದ್ದರೆ, ರೀಯಾಲಾಕ್ ಎಂಬ ಕ್ರಿಯೆಗೆ ಒಪ್ಪಿಸಬಹುದು. ಅದರಿಂದ ಹಂಚಿಹೋದ ಜಾಗವನ್ನು ಒತ್ತಟ್ಟಿಗೆ ತರಬಹುದು ಎಂದು ಅದು ತಂತ್ರ ಹೇಳಿಕೊಟ್ಟಿತು. ಇಂದು ನಿಮ್ಮ ಅಧ್ಯಾಪಕರು ಯಾವುದನ್ನು ಮಹಾಪರಾಧ ಎನ್ನುತ್ತಾರೋ ಅದು 1979ರಲ್ಲಿ ಅಧಿಕೃತ ಉಪಾಯವಾಗಿತ್ತು.

ರೂಢಿಯೊಂದು ಬೇರೂರಿದರೆ ಸುಲಭಕ್ಕೆ ಹೋಗುವುದಿಲ್ಲ. ಸಿಮ್‌ಸಿಟಿ ಎಂಬ ಜನಪ್ರಿಯ ಗಣಕ ಆಟದ ವಿಂಡೋಸ್ ರೂಪದಲ್ಲಿ ಇಂಥದೊಂದು ದೋಷವಿತ್ತು: ಫ್ರೀ ಮಾಡಿದ ಜಾಗವನ್ನು ಅದು ಒಡನೆಯೇ ಓದುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಆ ಜಾಗ ಹಾಗೆಯೇ ಉಳಿದಿರುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ವಿಂಡೋಸ್ 95ರಲ್ಲಿ ಆಟ ಬೀಳತೊಡಗಿತು. ಆಗ ಮೈಕ್ರೋಸಾಫ್ಟ್‌ನವರು ಆಟವನ್ನು ತಿದ್ದಿ ಎಂದು ಹೇಳುವ ಬದಲು, ನಡೆಯುತ್ತಿರುವುದು ಸಿಮ್‌ಸಿಟಿ ಎಂದು ಕಂಡರೆ ಬಿಟ್ಟುಕೊಟ್ಟ ಜಾಗವನ್ನು ಕೂಡಲೇ ಬೇರೆಯವರಿಗೆ ಹಂಚದಂತೆ ವಿಂಡೋಸ್‌ನಲ್ಲೇ ವಿಶೇಷ ಏರ್ಪಾಡು ಮಾಡಿದರು. ಆಟವನ್ನು ಬರೆದವರಿಂದಲೇ ಕೇಳಿದ ಈ ಕತೆಯನ್ನು ಜೋಯೆಲ್ ಸ್ಪೋಲ್ಸ್ಕಿ ತಮ್ಮ ಬರಹಗಳಲ್ಲಿ ದಾಖಲಿಸಿದ್ದಾರೆ. ಗಿರಾಕಿಯ ದೃಷ್ಟಿಯಿಂದ ಇದು ಒಳ್ಳೆಯ ಸೇವೆ. ದೋಷಕ್ಕೆ ಮಾತ್ರ ಪಿಂಚಣಿ ಕೊಟ್ಟಂತಾಯಿತು!

ಬಿದ್ದ ಪ್ರೋಗ್ರಾಮನ್ನು ಪರೀಕ್ಷಿಸುವ ಹಳೆಯ ಸಾಧನವೆಂದರೆ ‘ಕೋರ್’. ಆ ಕಾಲದ ಮೆಮೊರಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಟ್ಟ ಉಂಗುರಗಳಿಂದ ಆಗಿರುತ್ತಿತ್ತು. ಉಂಗುರಕ್ಕೆ ಕೋರ್ ಎಂದು ಹೆಸರು. ಪ್ರೋಗ್ರಾಮು ತನ್ನದಲ್ಲದ ವಿಳಾಸಕ್ಕೆ ಕೈಹಾಕಿದರೆ ಯಂತ್ರದಲ್ಲಿನ ಮೆಮೊರಿ ರಕ್ಷಣಾ ಘಟಕ ಅದನ್ನು ತಡೆದು ವ್ಯವಸ್ಥೆಗೆ ತಿಳಿಸುತ್ತದೆ. ಯುನಿಕ್ಸ್ ಆಗ ಪ್ರೋಗ್ರಾಮನ್ನು ಕೊಂದು, ಆ ಕ್ಷಣದ ಮೆಮೊರಿಯ ಯಥಾಪ್ರತಿಯನ್ನು ‘ಕೋರ್’ ಎಂಬ ಕಡತದಲ್ಲಿ ಬರೆದಿಡುತ್ತದೆ. ಉಂಗುರಗಳು ಕಾಲವಾಗಿ ದಶಕಗಳಾದರೂ ಹೆಸರು ಉಳಿದಿದೆ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಡಿಬಿಯಂಥ ಡೀಬಗರ್‌ಗಳು ಈ ಕಡತವನ್ನು ಓದಿ, ಸತ್ತದ್ದು ಎಲ್ಲಿ, ಅಲ್ಲಿಗೆ ಕರೆದದ್ದು ಯಾರು ಎಂದು ತೋರಿಸುತ್ತವೆ. ಮರಣೋತ್ತರ ಪರೀಕ್ಷೆ ಎಂದರೂ ಸರಿ. ನಮ್ಮ ಬಾಂದುಕಲ್ಲಿನ ಪ್ರಕರಣದಲ್ಲಿ ಇದು ಶಾನುಭೋಗರ ಶವವನ್ನು ತೋರಿಸುತ್ತದೆ, ಕಲ್ಲು ಕಿತ್ತವನನ್ನು ತೋರಿಸುವುದಿಲ್ಲ.

ಹುಡುಕಲು ಹೋದರೆ ದೋಷ ಓಡಿಹೋಗುವುದೂ ಉಂಟು. ಏನಾಗುತ್ತಿದೆ ನೋಡೋಣ ಎಂದು ನಡುವೆ ಒಂದು ಮುದ್ರಣದ ಸಾಲು ಸೇರಿಸಿದಿರಿ. ಆ ಸಾಲು ತಾನೂ ಸ್ವಲ್ಪ ಮೆಮೊರಿ ಪಡೆಯುತ್ತದೆ, ತುಂಡುಗಳ ಜೋಡಣೆ ಬದಲಾಗುತ್ತದೆ, ಬೀಳುವುದು ನಿಲ್ಲುತ್ತದೆ. ಸಾಲು ತೆಗೆದರೆ ಮತ್ತೆ ಬೀಳುತ್ತದೆ. ಭೌತವಿಜ್ಞಾನದ ಹೈಸನ್‌ಬರ್ಗ್ ಅವರನ್ನು ನೆನೆದು ಇಂಥವನ್ನು ‘ಹೈಸನ್‌ಬಗ್’ ಎನ್ನುತ್ತಾರೆ. ಜಿಮ್ ಗ್ರೇ ಅವರ 1985ರ ಪ್ರಬಂಧವೊಂದರಲ್ಲಿ ಈ ಪದ ಸಿಗುತ್ತದೆ.

ನಮ್ಮ ಕಾಲೇಜುಗಳ ಕತೆ ಇನ್ನೂ ವಿಚಿತ್ರ. ಬೋರ್ಲ್ಯಾಂಡ್ ಸಂಸ್ಥೆ 1987ರಲ್ಲಿ ಬಿಡುಗಡೆ ಮಾಡಿದ ಟರ್ಬೊ ಸಿ ನಮ್ಮ ಅನೇಕ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಹೊಸ ಶತಮಾನ ಬಂದ ಮೇಲೂ ಬಹಳ ಕಾಲ ಉಳಿಯಿತು. ಅದು ನಡೆಯುತ್ತಿದ್ದ ಡಾಸ್ ವ್ಯವಸ್ಥೆಯಲ್ಲಿ ಮೆಮೊರಿಗೆ ಕಾವಲೇ ಇರಲಿಲ್ಲ. ಯಾರು ಎಲ್ಲಿ ಬೇಕಾದರೂ ಬರೆಯಬಹುದು. ಇಂದು ಲಿನಕ್ಸ್‌ನಲ್ಲಿ ಸೊನ್ನೆಯ ವಿಳಾಸಕ್ಕೆ ಬರೆಯಲು ಹೋದರೆ ಪ್ರೋಗ್ರಾಮು ಅಲ್ಲಿಯೇ ಸಾಯುತ್ತದೆ. ಟರ್ಬೊ ಸಿಯಲ್ಲಿ ಹಾಗಲ್ಲ. ಚಿಕ್ಕ ಮಾದರಿಯ ಪ್ರೋಗ್ರಾಮುಗಳಲ್ಲಿ ದತ್ತಾಂಶದ ಆರಂಭದಲ್ಲಿ ಬೋರ್ಲ್ಯಾಂಡ್‌ನವರು ತಮ್ಮ ಹಕ್ಕುಸ್ವಾಮ್ಯದ ವಾಕ್ಯ ಇಟ್ಟಿದ್ದರು. ಪ್ರೋಗ್ರಾಮೆಲ್ಲ ಮುಗಿದ ಮೇಲೆ ಆ ಭಾಗ ಕೆಟ್ಟಿದೆಯೇ ಎಂದು ನೋಡಿ, ಕೆಟ್ಟಿದ್ದರೆ ‘ನಲ್ ಪಾಯಿಂಟರ್ ಅಸೈನ್‌ಮೆಂಟ್’ ಎಂಬ ಒಂದು ಸಾಲು ಮುದ್ರಿಸುತ್ತಿದ್ದರು. ಉತ್ತರ ಸರಿಯಾಗಿ ಬಂದಿರುತ್ತಿತ್ತು, ಕೆಳಗೆ ಈ ಸಾಲೂ ಇರುತ್ತಿತ್ತು! ಕಳ್ಳತನವಾಗಿದೆ ಎಂದು ತಿಳಿಯಿತು. ಯಾವಾಗ, ಯಾರಿಂದ ಎಂದು ತಿಳಿಯಲಿಲ್ಲ. ಅದನ್ನು ಲೆಕ್ಕಿಸದೆ ಮುಂದೆ ಹೋಗುವುದನ್ನು ಒಂದಿಡೀ ತಲೆಮಾರು ಕಲಿತಿತು.

ದೂರವನ್ನು ನಿಜವಾಗಿ ಕುಗ್ಗಿಸಿದ ಒಂದು ಜಾಣ ಉಪಾಯ ಬಂದದ್ದು 1987ರಲ್ಲಿ, ಚಲನಚಿತ್ರಗಳಿಗೆ ಹೆಸರಾದ ಪಿಕ್ಸಾರ್ ಸಂಸ್ಥೆಯಲ್ಲಿದ್ದ ಬ್ರೂಸ್ ಪೆರೆನ್ಸ್ ಅವರಿಂದ. ಅವರ ಸಾಧನದ ಹೆಸರು ‘ಎಲೆಕ್ಟ್ರಿಕ್ ಫೆನ್ಸ್’. ಆನೆಗಳ ಕಾಟವಿರುವ ನಮ್ಮ ಕೊಡಗು, ಹಾಸನದ ಕಡೆಯವರಿಗೆ ವಿದ್ಯುತ್ ಬೇಲಿ ಎಂದರೆ ವಿವರಿಸಬೇಕಿಲ್ಲ. ಯಂತ್ರ ಮೆಮೊರಿಯನ್ನು ಪುಟಗಳಾಗಿ ವಿಂಗಡಿಸಿ ಕಾಯುತ್ತದೆ. ಒಂದು ಪುಟ ಸಾಮಾನ್ಯವಾಗಿ 4096 ಬೈಟ್. ಪೆರೆನ್ಸ್ ಏನು ಮಾಡಿದರೆಂದರೆ, ಕೇಳಿದ ಪ್ರತಿ ತುಂಡನ್ನೂ ಒಂದು ಪುಟದ ಕೊನೆಯ ಅಂಚಿಗೆ ತಾಗುವಂತೆ ಇಟ್ಟು, ಅದರ ಮುಂದಿನ ಪುಟಕ್ಕೆ ಪ್ರವೇಶ ನಿಷೇಧಿಸಿದರು. ಗಡಿ ದಾಟಿದೊಡನೆ ಯಂತ್ರವೇ ಹಿಡಿಯುತ್ತದೆ. ಎಡವಿದ ಜಾಗದಲ್ಲೇ ಬೀಳುವಂತಾಯಿತು. ಬೆಲೆಯೇನು? ಹತ್ತು ಬೈಟ್ ಕೇಳಿದರೂ ಎರಡು ಪುಟ ಹೋಗುತ್ತದೆ. ದೊಡ್ಡ ಪ್ರೋಗ್ರಾಮುಗಳಲ್ಲಿ ಬೇಲಿಗೇ ಊರೆಲ್ಲ ಸಾಲದು.

ಇದಾದ ಕೆಲವು ವರ್ಷಗಳಿಗೆ ರೀಡ್ ಹೇಸ್ಟಿಂಗ್ಸ್ ಮತ್ತು ಬಾಬ್ ಜಾಯ್ಸ್ ‘ಪ್ಯೂರಿಫೈ’ ಎಂಬ ಸಾಧನವನ್ನು ತಂದರು. ಅವರ ಪ್ರಬಂಧ ಪ್ರಕಟವಾದದ್ದು 1992ರಲ್ಲಿ. ಮೆಮೊರಿಯ ಪ್ರತಿ ಬೈಟ್‌ಗೆ ಎರಡು ಬಿಟ್‌ಗಳ ಒಂದು ನೆರಳು ಲೆಕ್ಕ: ಈ ಬೈಟ್ ಯಾರಿಗೂ ಹಂಚಿಲ್ಲವೋ, ಹಂಚಿದೆ ಆದರೆ ಏನೂ ಬರೆದಿಲ್ಲವೋ, ಬರೆದೂ ಆಗಿದೆಯೋ. ಕಂಪೈಲ್ ಆದ ಪ್ರೋಗ್ರಾಮಿನ ಒಳಗೆ, ಮೆಮೊರಿಯನ್ನು ಮುಟ್ಟುವ ಪ್ರತಿ ಆದೇಶದ ಮುಂದೆಯೂ ಒಂದು ಪರೀಕ್ಷೆಯನ್ನು ಸೇರಿಸಲಾಗುತ್ತಿತ್ತು. ಶಾನುಭೋಗರು ಕೊನೆಗೂ ಕಡತವನ್ನು ಹೊಲದಿಂದ ಮನೆಗೆ ತಂದರು ಎನ್ನಬಹುದು. ಹೇಸ್ಟಿಂಗ್ಸ್ ಅವರ ಹೆಸರನ್ನು ನೀವು ಬೇರೆ ಕಡೆ ಕೇಳಿದ್ದೀರಿ. ಹೌದು, 1997ರಲ್ಲಿ ಮಾರ್ಕ್ ರ್ಯಾಂಡಾಲ್ಫ್ ಜೊತೆ ಸೇರಿ ನೆಟ್‌ಫ್ಲಿಕ್ಸ್ ಸ್ಥಾಪಿಸಿದವರು ಅವರೇ.

ಇಲ್ಲಿಯವರೆಗೆ ಪ್ರೋಗ್ರಾಮು ಬೀಳುವುದು ಒಂದು ಕಿರಿಕಿರಿ ಮಾತ್ರ ಎಂಬಂತೆ ಮಾತನಾಡಿದೆವು. 2000ದ ಜುಲೈನಲ್ಲಿ ಸೋಲಾರ್ ಡಿಸೈನರ್ ಎಂಬ ಹೆಸರಿನಲ್ಲಿ ಬರೆಯುವ ರಷ್ಯದ ತಜ್ಞರೊಬ್ಬರು ನೆಟ್‌ಸ್ಕೇಪ್ ಬ್ರೌಸರಿನ ಒಂದು ದೋಷವನ್ನು ವಿವರಿಸಿದರು. ಜೆಪೆಗ್ ಚಿತ್ರದೊಳಗೆ ಟಿಪ್ಪಣಿ ಬರೆದಿಡಲು ಅವಕಾಶವಿದೆ; ಟಿಪ್ಪಣಿಯ ಉದ್ದವನ್ನು ಹೇಳುವ ಸಂಖ್ಯೆ ತನ್ನ ಎರಡು ಬೈಟ್‌ಗಳನ್ನೂ ಸೇರಿಸಿ ಹೇಳಬೇಕು, ಎಂದರೆ ಎರಡಕ್ಕಿಂತ ಕಡಿಮೆ ಇರುವಂತಿಲ್ಲ. ಯಾರಾದರೂ ಬೇಕೆಂದೇ ಕಡಿಮೆ ಬರೆದರೆ ಬ್ರೌಸರು ತೀರಾ ಚಿಕ್ಕ ಜಾಗ ಪಡೆದು, ಅದರ ಮೇಲೆ ಬಹಳಷ್ಟನ್ನು ಸುರಿಯುತ್ತಿತ್ತು. ಬ್ರೌಸರು ಬೀಳುತ್ತದೆ, ಅಷ್ಟೆ ತಾನೆ ಎಂದುಕೊಳ್ಳುವುದು ಸಹಜ. ಆದರೆ ಬಾಂದುಕಲ್ಲಿನ ಮೇಲೆ ಕಸ ಬೀಳುವ ಬದಲು, ಮೋಸಗಾರ ತಾನೇ ಕೆತ್ತಿ ತಂದ ಸುಳ್ಳು ಕಲ್ಲನ್ನು ಅಲ್ಲಿ ನೆಟ್ಟರೆ? ಶಾನುಭೋಗರು ಅದನ್ನು ನಂಬಿ, ಅವನು ಹೇಳಿದ ವಿಳಾಸದಲ್ಲಿ ಅವನು ಹೇಳಿದ್ದನ್ನು ತಮ್ಮ ಕೈಯಾರೆ ಬರೆಯುತ್ತಾರೆ. ಒಂದು ಚಿತ್ರ ನೋಡಿದ ಮಾತ್ರಕ್ಕೆ ಗಣಕ ಪರರ ಕೈವಶವಾಗಬಹುದು ಎಂದು ತಿಳಿಯಿತು. ಅಲ್ಲಿಂದ ಮುಂದೆ ಮೆಮೊರಿ ದೋಷ ಹುಡುಕುವುದು ಪ್ರೋಗ್ರಾಮರನ ಮನೆಗೆಲಸವಾಗಿ ಉಳಿಯಲಿಲ್ಲ. 2014ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡ, ಜಿಲಿಬ್‌ಸಿಯಲ್ಲಿ ಗಡಿಯಾಚೆ ಬಿದ್ದ ಒಂದೇ ಒಂದು ಸೊನ್ನೆ ಬೈಟ್ ಸಾಕು, 32-ಬಿಟ್ ಫೆಡೋರಾ ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರ ಯಂತ್ರದ ಒಡೆಯನಾಗಬಹುದು ಎಂದು ಮಾಡಿ ತೋರಿಸಿತು. ಮೇಲೆ ಹೇಳಿದ ‘ಮೈಸೂರು’ ಉದಾಹರಣೆಯ ಸೊನ್ನೆಯನ್ನು ನೆನಪಿಸಿಕೊಳ್ಳಿ.

2002ರಲ್ಲಿ ಜೂಲಿಯನ್ ಸೀವರ್ಡ್ ಅವರು ‘ವ್ಯಾಲ್‌ಗ್ರಿಂಡ್’ ಅನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ನಾರ್ಸ್ ಪುರಾಣದ ವಲ್ಹಾಲಾ ಎಂಬ ವೀರಸ್ವರ್ಗದ ಹೆಬ್ಬಾಗಿಲಿನ ಹೆಸರು ಅದು. ಅದು ಪ್ರೋಗ್ರಾಮನ್ನು ನೇರವಾಗಿ ಯಂತ್ರದ ಮೇಲೆ ಓಡಿಸುವುದಿಲ್ಲ. ಆದೇಶಗಳನ್ನು ತಾನು ಓದಿ, ಪರೀಕ್ಷೆಗಳನ್ನು ಸೇರಿಸಿ, ಅನುವಾದ ಮಾಡಿ ನಡೆಸುತ್ತದೆ. ಬೈಟ್ ಅಲ್ಲ, ಒಂದೊಂದು ಬಿಟ್‌ನ ಬಗ್ಗೆಯೂ ಅದಕ್ಕೆ ಲೆಕ್ಕವಿದೆ. ಇದರಿಂದ ಪ್ರೋಗ್ರಾಮು ಹತ್ತರಿಂದ ಮೂವತ್ತು ಪಟ್ಟು ನಿಧಾನವಾದರೂ ದುಬಾರಿ ಪರವಾನಗಿ ಕೊಳ್ಳಲಾಗದ ವಿದ್ಯಾರ್ಥಿಗಳಿಗೆ ಇದು ವರವಾಯಿತು.

ಆದರೆ ಸಾಧನ ಹೇಳಿದ್ದನ್ನು ಅರ್ಥ ಮಾಡಿಕೊಳ್ಳದೆ ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ವ್ಯಾಲ್‌ಗ್ರಿಂಡ್ ನಿಮಿತ್ತವಾಯಿತು. ಅಂತರಜಾಲದಲ್ಲಿ ಗುಟ್ಟಿನ ಸಂದೇಶಗಳಿಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಬೀಗದ ಕೈಗಳನ್ನು ತಯಾರಿಸಲು ಊಹಿಸಲಾಗದ ಸಂಖ್ಯೆಗಳನ್ನು ಕಲೆಹಾಕುತ್ತದೆ. ಆ ಭಾಗದಲ್ಲಿ, ಏನೂ ಬರೆಯದ ಮೆಮೊರಿಯನ್ನು ಓದಲಾಗುತ್ತಿದೆ ಎಂದು ವ್ಯಾಲ್‌ಗ್ರಿಂಡ್ ಎಚ್ಚರಿಸುತ್ತಿತ್ತು. 2006ರಲ್ಲಿ ಡೆಬಿಯನ್ ಲಿನಕ್ಸ್‌ನಲ್ಲಿ ಆ ಎಚ್ಚರಿಕೆಯನ್ನು ನಿಲ್ಲಿಸಲು, ಒಂದೇ ರೀತಿ ಕಾಣುತ್ತಿದ್ದ ಎರಡು ಸಾಲುಗಳನ್ನು ತೆಗೆದುಹಾಕಲಾಯಿತು. ಎರಡರಲ್ಲಿ ಒಂದು ಸಾಲು ಹೋದರೆ ನಷ್ಟವಿರಲಿಲ್ಲ. ಇನ್ನೊಂದು, ಕಲೆಹಾಕಿದ ಸಂಖ್ಯೆಗಳನ್ನೆಲ್ಲ ಪಾತ್ರೆಗೆ ಸುರಿಯುವ ಸಾಲು. ಅದು ಹೋದ ಮೇಲೆ ಉಳಿದ ವ್ಯತ್ಯಾಸವೆಂದರೆ ಪ್ರೋಗ್ರಾಮಿಗೆ ವ್ಯವಸ್ಥೆ ಕೊಡುವ ಕ್ರಮಸಂಖ್ಯೆ ಮಾತ್ರ, ಅದರ ಮಿತಿ 32,768. ಎಣಿಸಲಾಗದಷ್ಟು ಇರಬೇಕಿದ್ದ ಬೀಗದ ಕೈಗಳು, ಒಂದೊಂದು ಬಗೆಯಲ್ಲಿ ಅಷ್ಟಕ್ಕೇ ಇಳಿದವು. ಒಂದು ಸಾಧಾರಣ ಗಣಕ ಅವನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಬಹುದು. 2008ರ ಮೇ ತಿಂಗಳಲ್ಲಿ ಲೂಸಿಯಾನೋ ಬೆಲ್ಲೋ ಅವರು ಕಂಡುಹಿಡಿಯುವ ತನಕ, ಸುಮಾರು ಇಪ್ಪತ್ತು ತಿಂಗಳು, ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ಬಳಸಿದವರೆಲ್ಲ ಇಂಥ ಕೈಗಳನ್ನು ನಂಬಿದ್ದರು. ಈ ಅವಧಿಯಲ್ಲಿ ಯಾವ ಪ್ರೋಗ್ರಾಮೂ ಬೀಳಲಿಲ್ಲ. ವ್ಯಾಲ್‌ಗ್ರಿಂಡ್‌ನ ಎಚ್ಚರಿಕೆಯೂ ಬರಲಿಲ್ಲ. ಎಲ್ಲವೂ ಶಾಂತವಾಗಿತ್ತು.

ಬೀಳದೇ ಇರುವ ದೋಷ ಬೀಳುವ ದೋಷಕ್ಕಿಂತ ಕೆಟ್ಟದ್ದು ಎಂಬುದು ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮತ್ತೊಮ್ಮೆ ಕಂಡಿತು. 2014ರ ಏಪ್ರಿಲ್ 7ರಂದು ಪ್ರಕಟವಾದ ‘ಹಾರ್ಟ್‌ಬ್ಲೀಡ್’ ದೋಷವನ್ನು ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೊಡೆನೋಮಿಕಾನ್ ಸಂಸ್ಥೆಯವರು ಪ್ರತ್ಯೇಕವಾಗಿ ಪತ್ತೆಮಾಡಿದ್ದರು. ‘ನಾನು ಕಳಿಸಿದ ಇಷ್ಟು ಅಕ್ಷರಗಳನ್ನು ನನಗೇ ಹಿಂದಿರುಗಿಸು’ ಎಂದು ಕೇಳಿ, ಸಂಪರ್ಕ ಜೀವಂತವಿದೆಯೇ ಎಂದು ತಿಳಿಯುವ ವಿಧಾನವೊಂದಿದೆ. ಕಳಿಸುವುದು ಒಂದೆರಡು ಅಕ್ಷರ, ಹೇಳುವುದು 64 ಸಾವಿರ ಎಂದಾದರೆ, ಆ ಕಡೆಯ ಗಣಕ ಪಕ್ಕದ ಮೆಮೊರಿಯಲ್ಲಿದ್ದದ್ದನ್ನೆಲ್ಲ ಸೇರಿಸಿ 64 ಕಿಲೋಬೈಟ್‌ವರೆಗೆ ಕಳಿಸಿಬಿಡುತ್ತಿತ್ತು. ಅದರಲ್ಲಿ ಯಾರದೋ ಗುಪ್ತಪದ, ಯಾರದೋ ಬೀಗದ ಕೈ. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಈ ದಾರಿಯಲ್ಲಿ ಕಳುವಾದವು. ಈ ದೋಷ 2012ರ ಮಾರ್ಚ್‌ನ ಬಿಡುಗಡೆಯಿಂದಲೇ ಇತ್ತು. ವೇಗಕ್ಕಾಗಿ ಓಪನ್‌ಎಸ್‌ಎಸ್‌ಎಲ್ ತನ್ನದೇ ಹಂಚಿಕೆಯ ಪದರವೊಂದನ್ನು ಇಟ್ಟುಕೊಂಡು, ಬಿಟ್ಟುಕೊಟ್ಟ ತುಂಡುಗಳನ್ನು ತಾನೇ ಮರುಬಳಸುತ್ತಿತ್ತು. ಹೀಗಾಗಿ ಕಟ್ಟುನಿಟ್ಟಾದ ಮ್ಯಾಲಾಕ್ ಇದ್ದ ವ್ಯವಸ್ಥೆಗಳ ಕಾವಲೂ ಕೆಲಸಕ್ಕೆ ಬರಲಿಲ್ಲ.

ಇಷ್ಟರಲ್ಲಿ ಇನ್ನೊಂದು ಸಾಧನ ಬಂದಿತ್ತು. ಗೂಗಲ್‌ನ ಕಾನ್‌ಸ್ಟಂಟಿನ್ ಸೆರೆಬ್ರ್ಯಾನಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ‘ಅಡ್ರೆಸ್ ಸ್ಯಾನಿಟೈಜರ್’ ಪರೀಕ್ಷೆಗಳನ್ನು ಕಂಪೈಲ್ ಮಾಡುವಾಗಲೇ ಸೇರಿಸುತ್ತದೆ. ಎಂಟು ಬೈಟ್‌ಗೆ ಒಂದು ನೆರಳು ಬೈಟ್. ಪ್ರತಿ ತುಂಡಿನ ಇಬ್ಬದಿಯಲ್ಲೂ ನಿಷಿದ್ಧ ಪಟ್ಟಿ. ಫ್ರೀ ಮಾಡಿದ ತುಂಡನ್ನು ಕೂಡಲೇ ಮರುಬಳಸದೆ ಕೆಲಕಾಲ ಪ್ರತ್ಯೇಕವಾಸದಲ್ಲಿ ಇಡುವುದು. ಸಿಮ್‌ಸಿಟಿಯನ್ನು ಉಳಿಸಲು ಮಾಡಿದ ಏರ್ಪಾಡನ್ನೇ ಇಲ್ಲಿ ತಪ್ಪನ್ನು ಹಿಡಿಯಲು ಬಳಸಿರುವುದನ್ನು ಗಮನಿಸಿ. ನಿಧಾನವಾಗುವುದು ಸರಾಸರಿ ಶೇಕಡ 73ರಷ್ಟು, ಎಂದರೆ ಎರಡು ಪಟ್ಟಿಗಿಂತಲೂ ಕಡಿಮೆ. ಕ್ರೋಮಿಯಂ ಬ್ರೌಸರಿನಲ್ಲಿ ಅದು ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದ 300ಕ್ಕೂ ಹೆಚ್ಚು ದೋಷಗಳನ್ನು ಕಂಡುಹಿಡಿಯಿತು. ತಪ್ಪು ಸಿಕ್ಕಾಗ ಅದು ಮೂರು ಸಂಗತಿಗಳನ್ನು ಹೇಳುತ್ತದೆ: ತಪ್ಪು ನಡೆದ ಸಾಲು, ಆ ತುಂಡನ್ನು ಪಡೆದ ಸಾಲು, ಬಿಟ್ಟುಕೊಟ್ಟಿದ್ದರೆ ಬಿಟ್ಟುಕೊಟ್ಟ ಸಾಲು. ಇಂದು ಜಿಸಿಸಿ, ಕ್ಲಾಂಗ್ ಎರಡರಲ್ಲೂ ಇದು ಪುಕ್ಕಟೆಯಾಗಿದೆ. ಇದನ್ನು ಕಲಿಸದೆ ಪಾಯಿಂಟರ್‌ಗಳನ್ನು ಕಲಿಸುವುದು, ಥರ್ಮಾಮೀಟರ್ ಕೊಡದೆ ಜ್ವರ ಅಳೆಯಲು ಹೇಳಿದಂತೆ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಸಮಸ್ಯೆ ಬಗೆಹರಿಯಿತೇ? 2019ರಲ್ಲಿ ಮೈಕ್ರೋಸಾಫ್ಟ್, ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡ 70 ಮೆಮೊರಿ ಸುರಕ್ಷತೆಗೆ ಸೇರಿದವು ಎಂದಿತು. ಗಂಭೀರ ದೋಷಗಳ ಬಗ್ಗೆ ಕ್ರೋಮಿಯಂ ತಂಡ 2020ರಲ್ಲಿ ಕೊಟ್ಟ ಸಂಖ್ಯೆಯೂ ಅದೇ. ಕಾರಣ ಸರಳ: ಈ ಸಾಧನಗಳೆಲ್ಲ ನಡೆದ ದಾರಿಯನ್ನು ಮಾತ್ರ ಪರೀಕ್ಷಿಸುತ್ತವೆ, 24 ಅಕ್ಷರದ ಹೆಸರನ್ನು ಯಾರೂ ಕೊಡದಿದ್ದರೆ ಆ ತಪ್ಪು ಅವಕ್ಕೂ ಕಾಣುವುದಿಲ್ಲ. ಗ್ರೇಡನ್ ಹೋರ್ 2006ರಲ್ಲಿ ಆರಂಭಿಸಿ, 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆ ಬೇರೆ ದಾರಿ ಹಿಡಿಯಿತು. ಯಾವ ತುಂಡಿಗೆ ಯಾರು ಒಡೆಯರು, ಯಾರು ಎರವಲು ಪಡೆದವರು ಎಂಬ ಲೆಕ್ಕ ಸರಿಯಿಲ್ಲದಿದ್ದರೆ ಪ್ರೋಗ್ರಾಮು ಕಂಪೈಲ್ ಆಗುವುದೇ ಇಲ್ಲ. 2022ರ ಡಿಸೆಂಬರ್‌ನಲ್ಲಿ ಲಿನಕ್ಸ್‌ನ ತಿರುಳಿನೊಳಗೂ ಅದಕ್ಕೆ ಪ್ರವೇಶ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಶ್ವೇತಭವನದ ಕಚೇರಿಯೊಂದು, ಮೆಮೊರಿ ಸುರಕ್ಷಿತ ಭಾಷೆಗಳತ್ತ ಹೊರಳಿರೆಂದು ವರದಿಯನ್ನೇ ಹೊರಡಿಸಿತು. ಆದರೂ ಐದು ದಶಕಗಳಲ್ಲಿ ಬರೆದ ಸಿ ಪ್ರೋಗ್ರಾಮುಗಳು ಇದ್ದಲ್ಲೇ ಇವೆ. ಅವನ್ನು ಓದಿ ತಿದ್ದಬಲ್ಲವರು ಇನ್ನೂ ಬಹುಕಾಲ ಬೇಕು.

ಅಂಥ ಓದನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳುವವರಿಗೆ ಒಂದು ಸೂಚನೆ. ಹಳೆಯ ಯುನಿಕ್ಸ್‌ನ ಮೂಲ ಪ್ರತಿಗಳನ್ನು ಅವುಗಳ ಹಕ್ಕು ಹೊಂದಿದ್ದ ಕಾಲ್ಡೆರಾ ಸಂಸ್ಥೆ 2002ರ ಜನವರಿಯಲ್ಲಿ ಮುಕ್ತಗೊಳಿಸಿತು. ಏಳನೆಯ ಆವೃತ್ತಿಯ ಮ್ಯಾಲಾಕ್ ಅದರಲ್ಲಿದೆ, ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಕಲ್ಲಿನಿಂದ ಕಲ್ಲಿಗೆ ನಡೆಯುವ ಕುಣಿಕೆ, ಬಳಕೆಯ ಗುರುತಾದ ಆ ಒಂದು ಬಿಟ್, ಎಲ್ಲವೂ ಬರಿಗಣ್ಣಿಗೆ ಕಾಣುತ್ತವೆ. ಲೆಕ್ಕ ತಪ್ಪಿದಾಗ ಕರೆಯಲೆಂದು ಅಲ್ಲೊಂದು ಪುಟ್ಟ ಕ್ರಿಯೆ ಬರೆದಿಟ್ಟಿದ್ದಾರೆ. ಅದರ ಹೆಸರು ‘ಬಾಚ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಎಡವಟ್ಟು’.